ಟ್ರಾಟ್‌ನಲ್ಲಿ ಕುದುರೆ ಲಗಾಮಿನ ಮೇಲೆ ಭಾರ ಬಿಡುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಕುದುರೆಗೆ 9 ವರ್ಷ. ನಡಿಗೆಯಲ್ಲಿ ಏನೂ ತೊಂದರೆ ಇಲ್ಲ. ಟ್ರಾಟ್ (ನಡಿಗೆಗಿಂತ ವೇಗದ ಕುಕ್ಕುಲೋಟ) ಶುರುವಾದ ಕೂಡಲೇ ತಲೆ ಇಳಿಸಿ ಕೈಮೇಲೆ ಭಾರ ಬಿಡುತ್ತದೆ. ಕ್ಯಾಂಟರ್‌ನಿಂದ (ಅದಕ್ಕಿಂತ ವೇಗದ ಓಟ) ಟ್ರಾಟ್‌ಗೆ ಇಳಿಸುವಾಗ ಮುಂದಕ್ಕೆ ಕುಸಿಯುತ್ತದೆ, ಆಗಾಗ ಎಡವುತ್ತದೆ. ತಲೆ ಎತ್ತಲಿ ಅಂತ ಎಳೆದು ಹಿಡಿದರೆ ಇನ್ನೂ ಜೋರಾಗಿ ಎಳೆಯುತ್ತದೆ. ಗಟ್ಟಿ ಕಡಿವಾಣ ಹಾಕಲೇ?

ಉತ್ತರ:
ದಯವಿಟ್ಟು ಬೇಡ. ಎಡವುತ್ತದೆ ಅಂದಿರಲ್ಲ, ಮೊದಲು ಪಶುವೈದ್ಯರಿಗೆ ತೋರಿಸಿ. ಗೊರಸಿನ ಮುಂತುದಿ ಉದ್ದ ಬೆಳೆದಿದ್ದರೂ, ಜೀನು ಭುಜಕ್ಕೆ ಒತ್ತುತ್ತಿದ್ದರೂ, ಹಲ್ಲು ಚುಚ್ಚುತ್ತಿದ್ದರೂ ಹೀಗೇ ಆಗಬಹುದು. ನೋವಿರುವ ಕುದುರೆಗೆ ಯಾವ ಪಾಠವೂ ಹತ್ತುವುದಿಲ್ಲ.

ಅದೆಲ್ಲ ಸರಿಯಿದ್ದರೆ ಮುಂದಿನ ಮಾತು. ಸುಮ್ನೆ ನಿಂತ ಕುದುರೆಯ ತೂಕದಲ್ಲೇ ಸುಮಾರು 60% ಮುಂಗಾಲುಗಳ ಮೇಲಿರುತ್ತದೆ. ಸವಾರ ಹತ್ತಿದರೆ ಅಲ್ಲಿ ಇನ್ನೂ ಜಾಸ್ತಿ. ಕುದುರೆಗೆ ಕೊರಳೆಲುಬು (ಕಾಲರ್ ಬೋನ್) ಇಲ್ಲ, ಎದೆಯ ಭಾಗ ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳಲ್ಲಿ ತೂಗುತ್ತದೆ. ಆ ಸ್ನಾಯುಗಳು ಎದೆಯನ್ನು ಎತ್ತಬೇಕು, ಹಿಂಗಾಲು ಮಡಿದು ಹೊಟ್ಟೆಯ ಕೆಳಗೆ ಬರಬೇಕು. ಆಗಲೇ ಮುಂಭಾಗ ಹಗುರ. ನೀವು ಲಗಾಮಿನಿಂದ ತಲೆ ಎತ್ತಿದರೆ ತಲೆ ಮಾತ್ರ ಮೇಲೆ ಬರುತ್ತದೆ, ಬೆನ್ನು ಕುಸಿಯುತ್ತದೆ. ಬಿಡದೆ ಹಿಡಿದ ಕೈ ಅದಕ್ಕೆ ಒರಗಲು ಗೋಡೆ ಕೊಟ್ಟ ಹಾಗೆ.

20 ಮೀಟರ್ ವೃತ್ತದಲ್ಲಿ ನಡಿಗೆ, ಟ್ರಾಟ್, ಮತ್ತೆ ನಡಿಗೆ, ಹೀಗೆ ಹತ್ತು ಹನ್ನೆರಡು ಹೆಜ್ಜೆಗೊಮ್ಮೆ ಬದಲಿಸಿ. ಪ್ರತಿ ಬದಲಾವಣೆಗೂ ಮುಂಚೆ ಒಂದು ಹಾಫ್ ಹಾಲ್ಟ್: ನೆಟ್ಟಗೆ ಕೂತು ಸೊಂಟದ ಓಲಾಟ ನಿಲ್ಲಿಸಿ, ಕಾಲು ಮೆಲ್ಲಗೆ ತಾಗಿಸಿ, ಒಂದು ಹೆಜ್ಜೆಯಷ್ಟು ಹೊತ್ತು ಬೆರಳು ಬಿಗಿ ಮಾಡಿ. ಆಮೇಲೆ ಸಡಿಲಿಸಿ. ಈ ಸಡಿಲಿಸುವುದನ್ನೇ ಜನ ಮರೆಯುತ್ತಾರೆ, ಕೆಲಸ ಆಗುವುದು ಅಲ್ಲೇ. ಭಾರ ಬಿಡಲು ಏನೂ ಸಿಗದಿದ್ದಾಗ ಕುದುರೆ ತನ್ನನ್ನು ತಾನೇ ಹೊರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಗೊರಸು ಕತ್ತರಿಸಿಯಾಯಿತು, ಡಾಕ್ಟರ್ ನೋವಿಲ್ಲ ಅಂದರು. ವೃತ್ತದಲ್ಲಿ ಪರವಾಗಿಲ್ಲ. ಆದರೆ ನೇರ ದಾರಿಯಲ್ಲಿ ಕೈ ಸಡಿಲಿಸಿದರೆ ಓಡಲು ಶುರು ಮಾಡುತ್ತದೆ.

ಉತ್ತರ:
ಓಡುವುದು ಹುರುಪಲ್ಲ, ಮುಂದಕ್ಕೆ ಬೀಳದಿರಲು ಕಾಲು ಬೇಗ ಹಾಕುತ್ತಿದೆ ಅಷ್ಟೇ. ಆಗ ಎಳೆಯಬೇಡಿ, ವೃತ್ತಕ್ಕೆ ತಿರುಗಿಸಿ ನಡಿಗೆಗೆ ತನ್ನಿ. ನಿಲ್ಲಿಸಿ ಮೂರು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ, ಅಲ್ಲಿಂದ ನೇರ ಟ್ರಾಟ್‌ಗೆ ಬಿಡಿ. ಹಿಂದಕ್ಕೆ ಹೋಗುವಾಗ ಕುತ್ತಿಗೆ ಬಿಗಿದು ಕಾಲು ಎಳೆದರೆ ಕೈ ಜಾಸ್ತಿ ಆಯಿತು ಅಂತ ಅರ್ಥ.

ಪರೀಕ್ಷೆ ಮಾಡಲು ವೃತ್ತದ ಒಳಬದಿಯ ಕೈಯನ್ನು ಕುತ್ತಿಗೆಯುದ್ದಕ್ಕೂ ಎರಡು ಹೆಜ್ಜೆಯಷ್ಟು ಹೊತ್ತು ಮುಂದೆ ಜಾರಿಸಿ. ವೇಗ, ತಲೆಯ ಎತ್ತರ ಹಾಗೇ ಇದ್ದರೆ ಹಗುರಾಗಿದೆ. ಸಾಕು, ಉದ್ದ ಲಗಾಮು ಕೊಟ್ಟು ನಡೆಸಿ. ಇದು ಸ್ನಾಯುವಿನ ಕೆಲಸ, ತಿಂಗಳುಗಟ್ಟಲೆ ಹಿಡಿಯುತ್ತದೆ. ದಣಿದ ಕುದುರೆ ಮತ್ತೆ ಕೈಮೇಲೇ ಬೀಳುತ್ತದೆ, ಅದಕ್ಕೆ ಮುಂಚೆಯೇ ನಿಲ್ಲಿಸಿ.