ಡಚ್ಚರು ಮೆಣಸಿಗಾಗಿ ಮಲಬಾರ್ ಬಿಟ್ಟು ಜಾವಾಕ್ಕೆ ಹೋಗಿದ್ದೇಕೆ?

ಶಿರಸಿ ತೋಟಿಗ:
1595ರಲ್ಲಿ ಹೊರಟ ಡಚ್ಚರ ಮೊದಲ ನಾಲ್ಕು ಹಡಗು ಮಲಬಾರಿಗೆ ಬರದೆ ನೇರ ಜಾವಾದ ಬಾಂಟೆನ್ ಬಂದರಿಗೆ ಹೋದವಂತೆ. ಕಾಳುಮೆಣಸು ಇಲ್ಲೇ ಧಾರಾಳ ಇತ್ತಲ್ವಾ? ಅಷ್ಟು ದೂರ ಯಾಕೆ ಹೋದರು?

ಹಳೇ ನಕ್ಷೆ:
ಪೋರ್ಚುಗೀಸರ ಕಾಟ, ಇನ್ನೇನು. ಗೋವಾ, ಕೊಚ್ಚಿ, ಮಲಯಾ ಕರಾವಳಿಯ ಮಲಕ್ಕಾ ಬಂದರು ಎಲ್ಲ ಅವರ ಕೈಯಲ್ಲಿತ್ತು. ಲಿನ್‌ಸ್ಕೋಟೆನ್ ಅಂತ ಒಬ್ಬ ಡಚ್ಚ ಗೋವಾದ ಆರ್ಚ್‌ಬಿಷಪ್ಪರ ಹತ್ತಿರ ಕಾರ್ಯದರ್ಶಿಯಾಗಿದ್ದ. ಊರಿಗೆ ಹೋದವನೇ ಪೋರ್ಚುಗೀಸರ ದಾರಿಯ ಗುಟ್ಟೆಲ್ಲ ಬರೆದಿಟ್ಟ. ಮಲಕ್ಕಾದ ತಂಟೆ ಬೇಡ, ಸುಮಾತ್ರಾ ಮತ್ತು ಜಾವಾ ನಡುವಿನ ಸುಂಡಾ ಜಲಸಂಧಿಯಿಂದ ನುಗ್ಗಿ ಅಂದ. ಜಾವಾದಲ್ಲಿ ಪೋರ್ಚುಗೀಸರ ಹಿಡಿತ ಕಡಿಮೆ ಇತ್ತು.

ಆದರೆ ಆ ಮೊದಲ ಯಾನವನ್ನು ಸಾಹಸ ಅಂತ ಹೊಗಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬಾಂಟೆನ್ ಮುಟ್ಟುವಷ್ಟರಲ್ಲಿ 1596ರ ಜೂನ್. ದಾರಿಯಲ್ಲಿ ತಾಜಾ ಹಣ್ಣು, ಸೊಪ್ಪು ಇಲ್ಲದೆ ಒಸಡು ಊದಿ, ಹಲ್ಲು ಅಲ್ಲಾಡಿ ಜನ ಸತ್ತರು. ಎಷ್ಟೋ ಹೆಣ ಮಡಗಾಸ್ಕರಿನಲ್ಲೇ ಹೂತರು. ಮುಖ್ಯಸ್ಥ ಕಾರ್ನೆಲಿಸ್ ಹೌಟ್‌ಮನ್‌ಗೆ ಬಾಯಿ ಜಾಸ್ತಿ. ಬಾಂಟೆನ್‌ನಲ್ಲಿ ಜಗಳ ಮಾಡಿ ಜೈಲು ಸೇರಿದ. ಹಣ ಕೊಟ್ಟು ಬಿಡಿಸಬೇಕಾಯಿತು. ಆಮೇಲೆ ಹಡಗು ನಡೆಸಲು ಜನರೇ ಸಾಲದೆ, ಸೋರುತ್ತಿದ್ದ 'ಆಮ್‌ಸ್ಟರ್‌ಡಾಮ್' ಹಡಗಿಗೆ ತಾವೇ ಬೆಂಕಿ ಇಟ್ಟರು. ಹೊರಟವರು ಸುಮಾರು 250, 1597ರಲ್ಲಿ ಮರಳಿದವರು 90 ಕೂಡ ಇಲ್ಲ.

ಶಿರಸಿ ತೋಟಿಗ:
ಇಷ್ಟೆಲ್ಲ ಆದ ಮೇಲೂ ಮತ್ತೆ ಹೋದರಾ?

ಹಳೇ ನಕ್ಷೆ:
ಹೋದರು! ತಂದಿದ್ದು ಸ್ವಲ್ಪವೇ ಮೆಣಸು, ಆದರೂ ಖರ್ಚು ಹುಟ್ಟಿತು. ವ್ಯಾಪಾರಿಗೆ ಅಷ್ಟು ಸಾಕು. 1598ರಲ್ಲಿ ಯಾಕೊಬ್ ವಾನ್ ನೆಕ್ ಎಂಟು ಹಡಗು ತೆಗೆದುಕೊಂಡು ಹೊರಟ. ನಾಲ್ಕು ಹಡಗು ಮರುವರ್ಷವೇ ಮೆಣಸು ತುಂಬಿಕೊಂಡು ಬಂದವು. ಉಳಿದವು ಇನ್ನೂ ಮುಂದೆ, ಪೂರ್ವ ಇಂಡೋನೇಷ್ಯಾದ ಅಂಬೋನ್ ಮತ್ತು ಬಂದಾ ದ್ವೀಪಗಳ ಕಡೆ ಹೋದವು.

ಘಟ್ಟದ ಕೆಳಗಿನವಳು:
ಅಸಲಿ ಆಸೆ ಅಲ್ಲೇ ಇತ್ತು ಮಾರಾಯ್ರೆ. ಮೆಣಸು ಹತ್ತು ಕಡೆ ಸಿಗುತ್ತದೆ. ಜಾಯಿಕಾಯಿ ಆಗ ಬಂದಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿತ್ತು. ಹಣ್ಣು ಒಡೆದರೆ ಕೆಂಪು ಜಾಪತ್ರೆ, ಅದರೊಳಗೆ ಕಾಯಿ. ಒಂದೇ ಮರದಿಂದ ಎರಡು ಮಾಲು! ಆ ಆಸೆಗೇ 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೂನ್ ಕೂನ್ ಬಂದಾ ಜನರನ್ನು ಕೊಂದು, ಓಡಿಸಿ, ತೋಟಗಳನ್ನು ಡಚ್ಚರಿಗೆ ಹಂಚಿದ. ದುಡಿಯಲು ಗುಲಾಮರನ್ನು ತಂದರು. ಸಾಹಸದ ಕಥೆ ಹೇಳುವವರು ಇದನ್ನು ಮಾತ್ರ ಸುಮ್ನೆ ದಾಟಿಸುತ್ತಾರೆ.

ಹಳೇ ನಕ್ಷೆ:
ನಿಜ. ತೋಟಿಗರೇ, ಮಲಬಾರನ್ನೂ ಅವರು ಬಿಡಲಿಲ್ಲ. ಬಲ ಬಂದ ಮೇಲೆ, 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ನಮ್ಮ ಬಸ್ರೂರಿಗೂ ಬಂದರು, ಅಕ್ಕಿ ಕೊಳ್ಳಲು.