ಯೂನಿವರ್ಸಿಟಿ ರ‍್ಯಾಂಕ್ ನಂಬಿ ಮಕ್ಕಳನ್ನು ಸೇರಿಸಬಹುದಾ? ತುಮಕೂರಿನಿಂದ ಒಂದು ಉತ್ತರ

ಎಲ್ಲರಿಗೂ ನಮಸ್ಕಾರ. ರಜೆಗೆ ಅಂತ ಮೆಲ್ಬರ್ನ್‌ನಿಂದ ತುಮಕೂರಿಗೆ ಬಂದು ಹತ್ತು ದಿನ ಆಯಿತು. ಹೊರಡುವ ಮುಂಚೆ ನಮ್ಮ ಗುಂಪಿನಲ್ಲಿ ಒಬ್ಬರು ತಾಯಿ ಕೇಳಿದ್ದರು. ಮಗಳಿಗೆ ಮೆಲ್ಬರ್ನ್‌ನಲ್ಲಿ ಎರಡು ಕಡೆ ಸೀಟು ಸಿಗುವ ಹಾಗಿದೆ, ಒಂದು ಜಗತ್ತಿನ ಮೊದಲ ಐವತ್ತರೊಳಗಿನ ಯೂನಿವರ್ಸಿಟಿ, ಇನ್ನೊಂದು ಇನ್ನೂರರ ಆಚೆ, ಮಗಳಿಗೆ ಇಷ್ಟ ಆಗಿರೋದು ಎರಡನೆಯದು, ಏನು ಮಾಡಲಿ ಅಂತ. ಅದಕ್ಕೆ ಸುಮಾರು ಜನ "ಕಣ್ಣು ಮುಚ್ಚಿ ಮೊದಲನೆಯದಕ್ಕೆ ಸೇರಿಸಿ" ಅಂದಿದ್ದೀರಿ. ಆವತ್ತೇ ಬರೆಯಬೇಕು ಅನಿಸಿತ್ತು, ಪ್ಯಾಕಿಂಗ್ ಗಡಿಬಿಡಿಯಲ್ಲಿ ಆಗಲಿಲ್ಲ. ನಮ್ಮ ಮನೆಯಲ್ಲೂ ಈ ವರ್ಷ ಇದೇ ಮಾತು. ಮಗ ಹನ್ನೆರಡನೇ ಕ್ಲಾಸ್ ಮುಗಿಸಿದ್ದಾನೆ, ಅಲ್ಲಿ ಯೂನಿವರ್ಸಿಟಿ ಸೇರೋದಕ್ಕೆ ನೋಡುವ ಎಟಾರ್ ಬಂದಿದೆ, ಅಪ್ಪ ಮಗ ಇಬ್ಬರೂ ಫೋನ್ ಹಿಡಿದುಕೊಂಡು ಬರೀ ಪಟ್ಟಿ ನೋಡುತ್ತಿದ್ದಾರೆ.

ಭಾನುವಾರ ಎಸ್.ಎಸ್. ಪುರಂನ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆವು, ಅದನ್ನು ತಿನ್ನುತ್ತಾ ಮಾತು ಕಾಲೇಜಿನ ಕಡೆ ಹೊರಳಿತು. ಚಿಕ್ಕಪ್ಪ ಎದ್ದು ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದರು. ಅದರೊಳಗೆ ಅವರ ಬಿ.ಎಸ್‌ಸಿ. ಸರ್ಟಿಫಿಕೇಟು, ಅರವತ್ತರ ದಶಕದ್ದು. ನಾಲ್ಕು ಮಡಿಕೆ ಮಾಡಿಟ್ಟು ಮಡಿಕೆಯ ಜಾಗ ಹರಿದಿದೆ, ಹಿಂದಿನಿಂದ ಟೇಪ್ ಅಂಟಿಸಿದ್ದಾರೆ, ಆ ಟೇಪು ಹಳದಿ ಆಗಿದೆ. ಮೇಲೆ ಗಂಡಭೇರುಂಡ, ಮೈಸೂರು ವಿಶ್ವವಿದ್ಯಾನಿಲಯ. ನಾನು ಓದಿದ್ದೂ ಅವರು ಓದಿದ ಇಲ್ಲಿನ ಸರ್ಕಾರಿ ಕಾಲೇಜಿನಲ್ಲೇ, ಆದರೆ ನನ್ನ ಸರ್ಟಿಫಿಕೇಟಿನಲ್ಲಿ ಇರೋದು ಬೆಂಗಳೂರು ವಿಶ್ವವಿದ್ಯಾಲಯ. ಚಿಕ್ಕಪ್ಪನ ಮೊಮ್ಮಗಳು ಓದಿದ್ದೂ ಅಲ್ಲೇ. ಅವಳದ್ದು ತುಮಕೂರು ವಿಶ್ವವಿದ್ಯಾನಿಲಯ, ಅದು 2004ರಲ್ಲಿ ಶುರುವಾಗಿದ್ದು. ಒಂದೇ ಕಟ್ಟಡ, ಒಂದೇ ಮೆಟ್ಟಿಲು, ಮೂರು ತಲೆಮಾರಿಗೆ ಮೂರು ಯೂನಿವರ್ಸಿಟಿ ಹೆಸರು.

ಹೆಸರು ಬದಲಾದ ದಿನ ಪಾಠ ಬದಲಾಗಲಿಲ್ಲ, ಅಲ್ವಾ? ಅದೇ ಮೇಷ್ಟ್ರು, ಅದೇ ಲ್ಯಾಬು. ಚಿಕ್ಕಪ್ಪ ನನ್ನ ಮಗನನ್ನು ರ‍್ಯಾಂಕ್ ಎಷ್ಟು ಅಂತ ಕೇಳಲೇ ಇಲ್ಲ. "ಅಲ್ಲಿ ಪಾಠ ಮಾಡೋ ಮೇಷ್ಟ್ರು ಯಾರಪ್ಪ?" ಅಂದರು. ಇವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಪಟ್ಟಿ ನೋಡಿದ್ದೇವೆ, ಆ ಒಂದು ವಿಷಯ ಮಾತ್ರ ನೋಡಿಲ್ಲ.

ಮೆಲ್ಬರ್ನ್‌ನಲ್ಲಿ ಇರೋರಿಗೆ ನೆನಪಿರಬಹುದು. 2023ರ ಜೂನ್‌ನಲ್ಲಿ, ಜಗತ್ತಿನ ಯೂನಿವರ್ಸಿಟಿಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿ ಬಂತು, 2024ರ ಪಟ್ಟಿ ಅಂತ ಅದಕ್ಕೆ ಹೆಸರು. ಅದರಲ್ಲಿ ಮೆಲ್ಬರ್ನ್ ಯೂನಿವರ್ಸಿಟಿ 33ರಿಂದ 14ಕ್ಕೆ ಹೋಯಿತು, ಸಿಡ್ನಿ 41ರಿಂದ 19ಕ್ಕೆ. ಅದೇ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ 155ರಿಂದ 225ಕ್ಕೆ ಇಳಿಯಿತು. ಹನ್ನೆರಡು ತಿಂಗಳಲ್ಲಿ ಮೆಲ್ಬರ್ನ್‌ನಲ್ಲಿ ಪಾಠ ಅಷ್ಟೊಂದು ಸುಧಾರಿಸಿತಾ? ಐಐಎಸ್‌ಸಿಯ ವಿಜ್ಞಾನಿಗಳೆಲ್ಲ ಕೆಲಸ ಬಿಟ್ಟು ಹೋದರಾ? ಎರಡೂ ಇಲ್ಲ. ಕ್ಯೂಎಸ್‌ನವರು ಅಳೆಯುವ ರೀತಿಯನ್ನೇ ಬದಲಾಯಿಸಿದ್ದರು. ಬೇರೆ ಬೇರೆ ಕಡೆಯ ಪ್ರೊಫೆಸರುಗಳ ಅಭಿಪ್ರಾಯಕ್ಕೆ ನೂರಕ್ಕೆ 40 ಇತ್ತು, 30 ಮಾಡಿದರು. ಕೆಲಸ ಕೊಡುವ ಕಂಪನಿಗಳ ಅಭಿಪ್ರಾಯ 10ರಿಂದ 15 ಆಯಿತು. ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬರು ಮೇಷ್ಟ್ರು ಅನ್ನೋದಕ್ಕೆ 20 ಇತ್ತು, ಅದನ್ನು ಅರ್ಧಕ್ಕೆ ಇಳಿಸಿ 10 ಮಾಡಿದರು. ಪರಿಸರದ ಕಾಳಜಿಗೆ 5, ಓದಿದವರಿಗೆ ಕೆಲಸ ಸಿಕ್ಕಿದ್ದಕ್ಕೆ 5, ಹೊರದೇಶಗಳ ಜೊತೆ ಸೇರಿ ಮಾಡುವ ಸಂಶೋಧನೆಗೆ 5 ಅಂತ ಹೊಸದಾಗಿ ಸೇರಿಸಿದರು. ಆಸ್ಟ್ರೇಲಿಯಾದ ದೊಡ್ಡ ಯೂನಿವರ್ಸಿಟಿಗಳಲ್ಲಿ ಒಬ್ಬ ಮೇಷ್ಟ್ರಿಗೆ ವಿದ್ಯಾರ್ಥಿಗಳು ಜಾಸ್ತಿ, ಅಲ್ಲಿ ಅವರಿಗೆ ಮಾರ್ಕ್ಸ್ ಹೋಗುತ್ತಿತ್ತು, ಆ ನಷ್ಟ ಈಗ ಕಡಿಮೆ ಆಯಿತು. ಅಳೆಯುವ ಸೇರು ಬದಲಾಯಿಸಿದರೆ ಕಣಜದ ರಾಗಿ ಹೆಚ್ಚಾಗುತ್ತಾ?

ನೋಡಿ, ನಾವು ತಂದೆ ತಾಯಿಗಳಾಗಿ ಯಾವುದನ್ನು ಮೊದಲು ನೋಡಬೇಕೋ, ಅಂದರೆ ನನ್ನ ಮಗುವಿನ ಕ್ಲಾಸಿನಲ್ಲಿ ಎಷ್ಟು ಜನ ಇರುತ್ತಾರೆ ಅನ್ನೋದು, ಅದಕ್ಕೆ ಸಂಬಂಧಪಟ್ಟ ಲೆಕ್ಕವನ್ನೇ ಅರ್ಧ ಮಾಡಿದಾಗ ನಮ್ಮ ಮೆಲ್ಬರ್ನ್ ಯೂನಿವರ್ಸಿಟಿ ಮೇಲೆ ಹೋಯಿತು ಅಂತ ಎಲ್ಲರೂ ಖುಷಿಪಟ್ಟೆವು. ನಾನೂ ಖುಷಿಪಟ್ಟೆ. ಆಗ ಇದೆಲ್ಲ ಓದಿರಲಿಲ್ಲ.

ಕ್ಲಾಸ್ ಸಣ್ಣದಿದೆ ಅಂತ ಪಟ್ಟಿಯಲ್ಲಿ ಬರೆದಿದ್ದರೂ ಅದನ್ನೂ ಹಾಗೇ ನಂಬಬೇಡಿ. ಅಮೆರಿಕದಲ್ಲಿ ಯು.ಎಸ್. ನ್ಯೂಸ್‌ನವರ ಕಾಲೇಜು ರ‍್ಯಾಂಕ್ ಪಟ್ಟಿ 1983ರಿಂದ ಬರುತ್ತಿದೆ. ಅದರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಕ್ಲಾಸುಗಳಿಗೆ ಮಾರ್ಕ್ಸ್ ಇತ್ತು. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯವರು ಎಷ್ಟೋ ಕ್ಲಾಸುಗಳಿಗೆ 19ಕ್ಕೆ ಮಿತಿ ಹಾಕಿದರು. ಅದು, ಜೊತೆಗೆ ಇನ್ನೂ ಬೇರೆ ಬೇರೆ ಬದಲಾವಣೆ ಮಾಡಿ ಹತ್ತು ವರ್ಷದಲ್ಲಿ 162ರಿಂದ 98ಕ್ಕೆ ಬಂದರು. ಇದು ಮೋಸ ಅಲ್ಲ, ಕೆಲವು ಮಕ್ಕಳಿಗೆ ಒಳ್ಳೆಯದೇ ಆಗಿರುತ್ತದೆ. ಆದರೆ ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಯದು ಬೇರೆ ಕಥೆ. ನೂರಕ್ಕೆ 82.5 ಕ್ಲಾಸುಗಳಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದಾರೆ ಅಂತ ಅವರು ಲೆಕ್ಕ ಕೊಟ್ಟಿದ್ದರು. 2022ರಲ್ಲಿ ಅವರದೇ ಗಣಿತ ಪ್ರೊಫೆಸರ್ ಒಬ್ಬರು ಕುಳಿತು ಕ್ಲಾಸುಗಳ ಪಟ್ಟಿ ತೆಗೆದು ಎಣಿಸಿದರು. ಅವರಿಗೆ ಸಿಕ್ಕಿದ್ದು 63ರಿಂದ 67ರ ಒಳಗೆ. ಎರಡನೇ ಸ್ಥಾನದಲ್ಲಿದ್ದ ಯೂನಿವರ್ಸಿಟಿ ಅದೇ ವರ್ಷ 18ಕ್ಕೆ ಬಂತು. ತನ್ನ ಸಂಸ್ಥೆಯ ಲೆಕ್ಕ ತಪ್ಪು ಅಂತ ಒಳಗಿನವರೇ ಎದ್ದು ಹೇಳೋದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಅಂಥ ಮೇಷ್ಟ್ರು ಇರೋ ಕಡೆ ನನ್ನ ಮಗ ಓದಲಿ ಅಂತ ನನಗೆ ಅನಿಸುತ್ತದೆ, ಅದು ಎರಡನೆಯದಾಗಿರಲಿ, 18 ಆಗಿರಲಿ.

ಹಾಗಂತ ರ‍್ಯಾಂಕ್ ಇಳಿದದ್ದೆಲ್ಲ ಲೆಕ್ಕದ ಆಟ ಅಂತಲೂ ಅಲ್ಲ. ಕೆಲವು ಸಲ ನಿಜವಾಗಿಯೂ ಒಳಗೆ ಸವೆತ ಇರುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಭಾರತ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯಲ್ಲಿ, ಯೂನಿವರ್ಸಿಟಿಗಳ ಸಾಲಿನಲ್ಲಿ, 2021ರಲ್ಲಿ 19ನೆಯದಾಗಿತ್ತು. 2022ರಲ್ಲಿ 33, 2023ರಲ್ಲಿ 44. ಇದನ್ನು ನೋಡಿದಾಗ ಹೊಟ್ಟೆಗೆ ಸಂಕಟ ಆಯಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ್ದು, ಆಗ ದಿವಾನರಾಗಿದ್ದವರು ನಮ್ಮ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ರಾಧಾಕೃಷ್ಣನ್ ಅಲ್ಲಿ ಪಾಠ ಮಾಡಿದ್ದರು, ಕುವೆಂಪು ಓದಿದ್ದೂ ಅಲ್ಲೇ, ಪಾಠ ಮಾಡಿದ್ದೂ ಅಲ್ಲೇ, ಕುಲಪತಿ ಆಗಿದ್ದೂ ಅಲ್ಲೇ. ಆಗ ಯಾವ ಪಟ್ಟಿಯೂ ಇರಲಿಲ್ಲ. ಮನೆಮನೆಯಲ್ಲಿ ಹೆಸರಿತ್ತು. ಈಗ ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಖಾಯಂ ಮೇಷ್ಟ್ರು ನಿವೃತ್ತಿ ಆದ ಮೇಲೆ ಆ ಜಾಗ ವರ್ಷಗಟ್ಟಲೆ ಖಾಲಿ ಇರುತ್ತದೆ, ಅತಿಥಿ ಉಪನ್ಯಾಸಕರೇ ಡಿಪಾರ್ಟ್‌ಮೆಂಟ್ ನಡೆಸುತ್ತಾರೆ. ಪಾಪ, ಅವರು ಚೆನ್ನಾಗಿಯೇ ಪಾಠ ಮಾಡುತ್ತಾರೆ. ಆದರೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದೆ ಐದು ವರ್ಷದ ಸಂಶೋಧನೆ ಹೇಗೆ ಶುರು ಮಾಡುತ್ತಾರೆ? ಎನ್‌ಐಆರ್‌ಎಫ್‌ನಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ ನೂರಕ್ಕೆ 30, ಸಂಶೋಧನೆಗೆ 30. ಮೇಷ್ಟ್ರು ಹೋದರೆ ಎರಡೂ ಕಡೆ ಏಟು.

ಹೆಸರು ಇಳಿಯೋದು ಹೀಗೆ, ನಿಧಾನಕ್ಕೆ, ಒಂದೊಂದೇ ಕುರ್ಚಿ ಖಾಲಿ ಆಗುತ್ತಾ. ಏರೋದೂ ಹಾಗೇ ನಿಧಾನ. ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರು ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರಲ್ಲ, ಅವರ ಕಾಲದ ಮಾತನ್ನು ಚಿಕ್ಕಪ್ಪ ಇವತ್ತಿಗೂ ಆಡುತ್ತಾರೆ. ಅಂಥವರು ಒಬ್ಬರಿದ್ದರೆ ಅವರ ಹಿಂದೆ ಹತ್ತು ಒಳ್ಳೆ ಮೇಷ್ಟ್ರು ಬರುತ್ತಾರೆ.

ಈಗ ನಮ್ಮ ದೊಡ್ಡ ಮಗಳ ವಿಷಯ ಹೇಳಬೇಕು, ಯಾಕಂದರೆ ಪ್ರಶ್ನೆ ಕೇಳಿದ ತಾಯಿಗೆ ಇದು ಬೇಕಾಗುತ್ತದೆ. ನಾಲ್ಕು ವರ್ಷದ ಹಿಂದೆ ಅವಳನ್ನು ರ‍್ಯಾಂಕ್ ನೋಡಿಯೇ ಸೇರಿಸಿದೆವು. ಯಾವ ಯೂನಿವರ್ಸಿಟಿ ಅಂತ ಹೆಸರು ಬೇಡ. ಮೊದಲ ವರ್ಷದ ಲೆಕ್ಚರ್‌ನಲ್ಲಿ ನಾನೂರು ಜನ. ರೆಕಾರ್ಡಿಂಗ್ ನೋಡಿಕೊಂಡರೆ ಸಾಕು ಅಂತ ಅರ್ಧ ಜನ ಬರುತ್ತಲೇ ಇರಲಿಲ್ಲ. ಟ್ಯುಟೋರಿಯಲ್ ಮಾಡೋ ಹುಡುಗ ಆರು ವಾರಕ್ಕೇ ಬದಲಾದ. ರಾತ್ರಿ ಅಡುಗೆಮನೆ ಕಟ್ಟೆ ಮೇಲೆ ಕುಳಿತು "ಅಮ್ಮ, ಅಲ್ಲಿ ನನ್ನ ಹೆಸರು ಗೊತ್ತಿರೋರು ಒಬ್ಬರೂ ಇಲ್ಲ" ಅಂತ ಅತ್ತಳು. ಸಾರು ಕುದಿಯುತ್ತಿತ್ತು, ಒಲೆ ಆರಿಸಿ ಅವಳ ಪಕ್ಕ ಕುಳಿತೆ. ಅದೇ ವರ್ಷದ ಕೊನೆಗೆ ಬಿಡಿಸಿ, ಪಟ್ಟಿಯಲ್ಲಿ ತುಂಬಾ ಕೆಳಗಿದ್ದ ಕಡೆ ಸೇರಿಸಿದೆವು. ನೆಂಟರೆಲ್ಲ ಫೋನ್ ಮಾಡಿ "ಯಾಕೆ ಹೀಗೆ ಮಾಡಿದ್ರಿ" ಅಂದರು. ಅಲ್ಲಿ ಇಪ್ಪತ್ತೈದು ಜನರ ಲ್ಯಾಬು, ಎರಡನೇ ವಾರಕ್ಕೇ ಒಬ್ಬರು ಮೇಡಂ ಇವಳನ್ನು ಹೆಸರು ಹಿಡಿದು ಕರೆದರಂತೆ. ಈಗ ಅವರ ಹತ್ತಿರವೇ ಆನರ್ಸ್ ಮಾಡುತ್ತಿದ್ದಾಳೆ.

ದೊಡ್ಡ ಹೆಸರಿನ ಕಡೆ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪಿಎಚ್‌ಡಿ ಮಾಡೋರಿಗೆ, ಅಮೆರಿಕ ಯುರೋಪಿಗೆ ಹೋಗಬೇಕು ಅನ್ನೋರಿಗೆ ಹೆಸರು ಸಹಾಯ ಮಾಡುತ್ತದೆ, ಅದು ನಿಜ. ಆದರೆ ಎಂಜಿನಿಯರಿಂಗ್ ಓದಿದರೆ ಕೋರ್ಸಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾದ ಮಾನ್ಯತೆ ಇದೆಯಾ ನೋಡಿ, ನರ್ಸಿಂಗ್, ಫಿಸಿಯೋ ಆದರೆ ನೋಂದಣಿಗೆ ಒಪ್ಪಿದ ಕೋರ್ಸಾ ಅಂತ ನೋಡಿ, ಕೆಲಸಕ್ಕೆ ಬೇಕಾಗೋದು ಅದು. ಸಿಟಿಜನ್ ಮಕ್ಕಳಿಗೆ ಸರ್ಕಾರದ ಸೀಟು ಸಿಕ್ಕರೆ ಫೀಸಿನ ಮಿತಿಯನ್ನು ಸರ್ಕಾರವೇ ವಿಷಯದ ಮೇಲೆ ಇಡುತ್ತದೆ, ಮೇಲಿನ ರ‍್ಯಾಂಕಿಗೆ ಜಾಸ್ತಿ, ಕೆಳಗಿನದಕ್ಕೆ ಕಡಿಮೆ ಅಂತ ಇಲ್ಲ. ಆದ್ದರಿಂದ ದುಡ್ಡಿನ ಚಿಂತೆ ಈ ತೀರ್ಮಾನದಲ್ಲಿ ಬೇಡ. ಪಿಆರ್, ಅಂದರೆ ಖಾಯಂ ವಾಸದ ವೀಸಾ, ಇರೋರಿಗೆ ಸಾಮಾನ್ಯವಾಗಿ ಸರ್ಕಾರದ ಫೀಸ್ ಸಾಲ ಹೆಕ್ಸ್ ಸಿಗೋದಿಲ್ಲ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂಚೆಯೇ ಕಟ್ಟಬೇಕು.

ಇನ್ನೊಂದು. ಕ್ವಿಲ್ಟ್ ಅಂತ ಸರ್ಕಾರದ ಸಮೀಕ್ಷೆ ಇದೆ, ಓದುತ್ತಿರುವ, ಓದಿ ಮುಗಿಸಿದ ಮಕ್ಕಳನ್ನೇ ಕೇಳಿ ಮಾಡೋದು. ಪಾಠ ಹೇಗಿದೆ, ಮೇಷ್ಟ್ರು ಸಿಗುತ್ತಾರಾ, ಓದಿದ ಮೇಲೆ ಕೆಲಸ ಸಿಕ್ಕಿತಾ ಅಂತ. ಅದನ್ನು ಓದುವ ವಿಷಯದ ಪ್ರಕಾರ ತೆಗೆದು ನೋಡಿ. ಜಗತ್ತಿನ ಪಟ್ಟಿಯಲ್ಲಿ ಮೇಲಿರುವ ಕೆಲವು ದೊಡ್ಡ ಯೂನಿವರ್ಸಿಟಿಗಳು ಇಲ್ಲಿ ಕೆಳಗಿನ ಸಾಲಿನಲ್ಲಿ ಇರೋದು, ಸಣ್ಣವು ಮೇಲೆ ಇರೋದು ಕಾಣುತ್ತದೆ. ನಮ್ಮ ಜನ ಇದನ್ನು ಯಾಕೆ ನೋಡೋದಿಲ್ಲವೋ ನನಗೆ ನಿಜವಾಗಿಯೂ ಬೇಜಾರು.

ಹಾಗಾಗಿ ಆ ತಾಯಿಗೆ ನನ್ನ ಮಾತು ಇಷ್ಟು. ಮಗಳಿಗೆ ಎರಡನೆಯದು ಯಾಕೆ ಇಷ್ಟ ಅಂತ ಕೂರಿಸಿಕೊಂಡು ಕೇಳಿ. ಓಪನ್ ಡೇಗೆ ಹೋದಾಗ ಅವಳು ಏನೋ ಕಂಡಿರುತ್ತಾಳೆ. ಆಮೇಲೆ ಎರಡೂ ಕಡೆ ಮೇಲ್ ಮಾಡಿಸಿ, ಅವಳ ಕೈಯಲ್ಲೇ ಬರೆಸಿ: ಮೊದಲ ವರ್ಷಕ್ಕೆ ಪಾಠ ಮಾಡೋರು ಯಾರು, ಟ್ಯುಟೋರಿಯಲ್‌ನಲ್ಲಿ ಎಷ್ಟು ಜನ, ಪ್ರಾಕ್ಟಿಕಲ್ ವಾರಕ್ಕೆ ಎಷ್ಟು ಗಂಟೆ. ಯಾರು ಸರಿಯಾಗಿ ಉತ್ತರ ಕೊಡುತ್ತಾರೆ ನೋಡಿ.

ನನ್ನ ಮಗನೂ ನಿನ್ನೆ ರಾತ್ರಿ ಚಿಕ್ಕಪ್ಪನ ಮನೆ ಜಗಲಿ ಮೇಲೆ ಕುಳಿತು ಇದೇ ಮೂರು ಪ್ರಶ್ನೆ ಬರೆದು ಎರಡು ಕಡೆಗೆ ಕಳಿಸಿದ್ದಾನೆ. ಈಗ ಅಲ್ಲಿ ರಜೆ, ಉತ್ತರ ಬರೋದು ತಡ ಆಗಬಹುದು. ಬಂದ ಮೇಲೆ ಇಲ್ಲೇ ಹಾಕುತ್ತೇನೆ.