ಡಿಸ್ಕ್ ಬ್ರೇಕ್: ಹಿಂದೆ ನಡುಕ, ಮುಂದೆ ಕಿರುಚಾಟ, ಪ್ಯಾಡ್ ಬದಲಿಸಿದರೂ ಹೋಗುತ್ತಿಲ್ಲ

ಕಡಿದಾದಹಾದಿ:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 29 ಇಂಚಿನ ಚಕ್ರಗಳ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್. ಎರಡೂ ಕಡೆ ಶಿಮಾನೊ ಹೈಡ್ರಾಲಿಕ್ ಡಿಸ್ಕ್ ಬ್ರೇಕುಗಳಿವೆ. ಮುಂದಿನ ಡಿಸ್ಕ್ 180 ಮಿ.ಮೀ., ಹಿಂದಿನದು 160 ಮಿ.ಮೀ. ಮೂರು ವರ್ಷ ಯಾವ ತಕರಾರೂ ಇಲ್ಲದೆ ಓಡಿದ ಈ ಸೈಕಲ್ಲು ಕಳೆದ ಎರಡು ತಿಂಗಳಿಂದ ಬ್ರೇಕ್ ಹಿಡಿದಾಗಲೆಲ್ಲ ಸತಾಯಿಸುತ್ತಿದೆ.

ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಹದವಾಗಿ ಒತ್ತಿದರೆ 'ಗುರ್ರ್' ಎಂಬ ಸದ್ದಿನೊಂದಿಗೆ ಫ್ರೇಮು ನಡುಗುತ್ತದೆ. ಸೀಟಿನ ಮೇಲೆ ಕುಳಿತಿದ್ದರೆ ಆ ನಡುಕ ಬೆನ್ನಿಗೇ ತಿಳಿಯುತ್ತದೆ. ವೇಗ ಬಹಳ ಕಡಿಮೆಯಾದಾಗ, ಅಥವಾ ಲಿವರನ್ನು ಗಟ್ಟಿಯಾಗಿ ಎಳೆದಾಗ, ಅದು ನಿಲ್ಲುತ್ತದೆ. ಮುಂದಿನ ಬ್ರೇಕಿನಲ್ಲಿ ನಡುಕವಿಲ್ಲ. ಆದರೆ ನಿಲ್ಲುವ ಹೊತ್ತಿಗೆ ಕಿವಿ ಗಡಚಿಕ್ಕುವಂತೆ ಕಿರುಚುತ್ತದೆ, ಹಿಡಿತವೂ ಮೊದಲಿನಷ್ಟಿಲ್ಲ.

ಇಲ್ಲಿಯವರೆಗೆ ಎರಡೂ ಕಡೆ ಎರಡು ಸಲ ಹೊಸ ಪ್ಯಾಡ್ ಹಾಕಿದ್ದೇನೆ, ಒಮ್ಮೆ ರೆಸಿನ್ (ಅಂಟಿನಿಂದ ಕಟ್ಟಿದ ಮೆದು ಪ್ಯಾಡ್), ಇನ್ನೊಮ್ಮೆ ಮೆಟಲ್ (ಲೋಹದ ಪುಡಿಯ ಗಟ್ಟಿ ಪ್ಯಾಡ್). ಡಿಸ್ಕುಗಳನ್ನು ಒರೆಸಿದ್ದೇನೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬೋಲ್ಟುಗಳನ್ನು ಬಿಗಿ ಮಾಡಿದ್ದೇನೆ. ರಿಪೇರಿಯವರೊಬ್ಬರಿಗೆ ತೋರಿಸಿದಾಗ "ಡಿಸ್ಕ್ ಬ್ರೇಕ್ ಅಂದಮೇಲೆ ಸದ್ದು ಇದ್ದದ್ದೇ" ಎಂದು ಹೇಳಿ ಕಳಿಸಿದರು. ಹೊಸ ಡಿಸ್ಕುಗಳನ್ನೇ ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೇಹಬ್:

ಎರಡು ತೊಂದರೆಗಳನ್ನು ನೀವು ಬೇರ್ಪಡಿಸಿ ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅವು ನಿಜಕ್ಕೂ ಬೇರೆ ಬೇರೆ. ಹಿಂದಿನ ನಡುಕದ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಪ್ಯಾಡು ಡಿಸ್ಕಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಒಂದಕ್ಕೊಂದು ಅಂಟಿ ನಿಂತ ಮೇಲ್ಮೈಗಳ ನಡುವಿನ ಘರ್ಷಣೆ ಜಾರುತ್ತಿರುವ ಮೇಲ್ಮೈಗಳ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಈ ಕಚ್ಚಾಟ ಸುಸ್ಥಿತಿಯಲ್ಲಿರುವ ಬ್ರೇಕಿನಲ್ಲೂ ಇರುತ್ತದೆ, ಆದರೆ ಅದು ಫ್ರೇಮನ್ನೇ ನಡುಗಿಸುವಷ್ಟು ಬೆಳೆಯಬೇಕಾದರೆ ಅದರ ತಾಳಕ್ಕೆ ಕುಣಿಯಲು ಸಿದ್ಧವಾಗಿರುವ ಏನೋ ಒಂದು ಬೇಕು. ಪ್ಯಾಡ್ ಬದಲಿಸುವುದೆಂದರೆ ಕಮಾನು ಬದಲಿಸಿದಂತೆ; ತಂತಿ ಅಲ್ಲೇ ಇರುತ್ತದೆ.

ಆದ್ದರಿಂದ ಕೀ ಕೈಗೆತ್ತಿಕೊಳ್ಳುವ ಮೊದಲು ನಡುಕವನ್ನು ಎಣಿಸಿ ನೋಡಿ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎರಡು ಸುತ್ತಿಗಿಂತ ತುಸು ಕಡಿಮೆ ಸುತ್ತುತ್ತದೆ. ಆ ವೇಗದಲ್ಲಿ ನಿಮಗೆ ಸೆಕೆಂಡಿಗೆ ಎರಡರಂತೆ ಮಿಡಿತ ಸಿಕ್ಕರೆ, ಲಿವರಿನಲ್ಲೂ ಬೆರಳಿಗೆ ಅದು ತಿಳಿದರೆ, ದೋಷ ಡಿಸ್ಕಿನ ಒಂದು ಜಾಗದಲ್ಲಿದೆ ಎಂದರ್ಥ: ಡಿಸ್ಕ್ ಸೊಟ್ಟಗಾಗಿರಬಹುದು, ಸವೆತ ಏರುಪೇರಾಗಿರಬಹುದು, ಅಥವಾ ಪ್ಯಾಡಿನ ವಸ್ತು ಒಂದೆಡೆ ದಪ್ಪಗೆ ಮೆತ್ತಿಕೊಂಡಿರಬಹುದು. ಸೆಕೆಂಡಿಗೆ ಹತ್ತು ಹನ್ನೆರಡು ಎನಿಸಿದರೆ ಡಿಸ್ಕಿನ ತೋಳುಗಳು ಎಷ್ಟಿವೆ ಎಂದು ಲೆಕ್ಕ ಹಾಕಿ. ಆರು ತೋಳುಗಳಿದ್ದು, ಒಂದೊಂದು ತೋಳೂ ಪ್ಯಾಡನ್ನು ದಾಟುವಾಗ ಒಂದು ತಟ್ಟು ಬಿದ್ದರೆ ಸುಮಾರು ಅಷ್ಟೇ ಆಗುತ್ತದೆ. ಎಣಿಸಲಿಕ್ಕೇ ಆಗದಷ್ಟು ವೇಗವಾದ ಗುರುಗುಟ್ಟುವಿಕೆಯಾದರೆ ಸಾಮಾನ್ಯವಾಗಿ ಎಲ್ಲೋ ಸಡಿಲವಿದೆ. ನಿಮ್ಮ ವಿವರಣೆ ಈ ಮೂರನೆಯದಕ್ಕೆ ಹೊಂದುತ್ತದೆ. ಗಟ್ಟಿಯಾಗಿ ಎಳೆದಾಗ ನಿಲ್ಲುತ್ತದೆ ಎಂದಿರಲ್ಲ, ಸಡಿಲವಾಗಿರುವ ಭಾಗವನ್ನು ಆ ಬಲ ಒಂದು ಬದಿಗೆ ಒತ್ತಿ ಹಿಡಿದಾಗ ಹಾಗಾಗುವುದುಂಟು.

ಸಡಿಲವನ್ನು ಹುಡುಕಲು ಚಕ್ರದಿಂದ ಆರಂಭಿಸಿ. ಸೈಕಲ್ಲನ್ನು ನಿಲ್ಲಿಸಿ, ಒಂದು ಕೈಯಲ್ಲಿ ಫ್ರೇಮನ್ನೂ ಇನ್ನೊಂದು ಕೈಯಲ್ಲಿ ಟೈರನ್ನೂ ಹಿಡಿದು ಅಡ್ಡಡ್ಡಲಾಗಿ ಅಲುಗಿಸಿ. 'ಟಕ್' ಎಂದರೆ ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಸಡಿಲವಾಗಿದೆ, ಅಥವಾ ಆಕ್ಸಲ್ ಸರಿಯಾಗಿ ಬಿಗಿಯಾಗಿಲ್ಲ. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ ನೋಡಿ, ಒಂದೇ ಬದಿಯ ಕಡ್ಡಿಗಳಲ್ಲಿ ಕೆಲವು ಮಾತ್ರ ಮೆತ್ತಗಿರಬಾರದು. ಆಮೇಲೆ ಡಿಸ್ಕನ್ನು ಹಬ್ಬಿಗೆ ಹಿಡಿದಿರುವ ಆರು ಬೋಲ್ಟುಗಳು. ಇವಕ್ಕೆ ನಕ್ಷತ್ರಾಕಾರದ ಟಿ25 ಕೀ ಬೇಕು. ಶಿಮಾನೊ ಸೂಚಿಸುವ ಬಿಗಿ 2ರಿಂದ 4 ನ್ಯೂಟನ್ ಮೀಟರ್; ಇದು ಅನೇಕರು ಅಂದುಕೊಳ್ಳುವುದಕ್ಕಿಂತ ಕಡಿಮೆ, ಆದ್ದರಿಂದ ಉದ್ದನೆಯ ಹಿಡಿಕೆಯ ಕೀಯಿಂದ ಬಲ ಹಾಕಿ ಹಬ್ಬಿನ ಮರೆ (ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆಗಳು) ಹಾಳು ಮಾಡಿಕೊಳ್ಳಬೇಡಿ. ನಿಮ್ಮದು ಆರು ಬೋಲ್ಟುಗಳ ಬದಲು ಒಂದೇ ರಿಂಗ್ ಡಿಸ್ಕನ್ನು ಹಿಡಿದಿಡುವ ಸೆಂಟರ್ ಲಾಕ್ ಮಾದರಿಯಾದರೆ ಲೆಕ್ಕ ತಿರುವುಮುರುವು: ಅದರ ಲಾಕ್ ರಿಂಗಿಗೆ 40 ನ್ಯೂಟನ್ ಮೀಟರ್ ಬೇಕು, ಕೈಯಂದಾಜಿನಲ್ಲಿ ತಿರುಗಿಸಿದ್ದು ಹೆಚ್ಚಿನ ಸಲ ಸಾಲುವುದಿಲ್ಲ.

ಇನ್ನು ಕ್ಯಾಲಿಪರ್. ನೀವು ಅದರ ಬೋಲ್ಟುಗಳನ್ನು ಬಿಗಿ ಮಾಡಿದ್ದೇನೆ ಎಂದಿದ್ದೀರಿ. ಯಾವ ಬೋಲ್ಟುಗಳನ್ನು? ಕ್ಯಾಲಿಪರ್ ನೇರವಾಗಿ ಫ್ರೇಮಿನ ಮೇಲೆ ಕುಳಿತಿದೆಯೋ ಅಥವಾ ನಡುವೆ ಅಡಾಪ್ಟರ್ ತುಂಡೊಂದಿದೆಯೋ ನೋಡಿ. ಅಡಾಪ್ಟರ್ ಇದ್ದರೆ ಅದನ್ನು ಫ್ರೇಮಿಗೆ ಕಟ್ಟಿರುವ ಬೋಲ್ಟುಗಳು ಬೇರೆ ಇರುತ್ತವೆ. ಇವೆಲ್ಲಕ್ಕೂ 6ರಿಂದ 8 ನ್ಯೂಟನ್ ಮೀಟರ್ ಸಾಕು.

ಒಂದು ಎಚ್ಚರಿಕೆ. ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದಾಗ ಸಣ್ಣಗೆ 'ಕ್ಲಿಕ್' ಎನ್ನುವುದು ಎಷ್ಟೋ ಸಲ ಪ್ಯಾಡುಗಳು ತಮ್ಮ ಗೂಡಿನಲ್ಲಿ ಕೂದಲೆಳೆಯಷ್ಟು ಸರಿದದ್ದು ಮಾತ್ರ. ಅದು ದೋಷವಲ್ಲ. ಅದನ್ನೇ ಬೇರಿಂಗ್ ಸದ್ದೆಂದು ತಿಳಿದು ನಾನೊಮ್ಮೆ ಹಬ್ಬನ್ನು ಪೂರ್ತಿ ಬಿಚ್ಚಿ, ಗೋಲಿಗಳನ್ನು ನೆಲದ ಮೇಲೆಲ್ಲ ಹುಡುಕಿದ್ದೇನೆ.

ಮಸಿಬೆರಳು:

ಮುಂದಿನ ಬ್ರೇಕಿನ ಬಗ್ಗೆ. ಕಿರುಚಾಟದ ಜೊತೆಗೆ ಹಿಡಿತವೂ ಕಡಿಮೆಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಣ್ಣೆಯನ್ನು. ಬರೀ ಕಿರುಚಿ, ಹಿಡಿತ ಚೆನ್ನಾಗಿಯೇ ಇದ್ದರೆ ಕ್ಯಾಲಿಪರ್ ಓರೆಯಾಗಿ ಕುಳಿತಿರಬಹುದು ಅಥವಾ ಪ್ಯಾಡಿನ ಮುಖ ಗಾಜಿನಂತೆ ಹೊಳಪಾಗಿರಬಹುದು, ನಿಮ್ಮದು ಹಾಗಿಲ್ಲ.

ಡಿಸ್ಕುಗಳನ್ನು ಒರೆಸಿದ್ದೇನೆ ಎಂದಿದ್ದೀರಿ. ಯಾವುದರಿಂದ, ಯಾವ ಬಟ್ಟೆಯಿಂದ ಎಂಬುದು ಮುಖ್ಯ. ಚೈನಿಗೆ ಸ್ಪ್ರೇ ಎಣ್ಣೆ ಹೊಡೆದಾಗ ಕಣ್ಣಿಗೆ ಕಾಣದ ತುಂತುರು ಡಿಸ್ಕಿನ ಮೇಲೆ ಕೂರುತ್ತದೆ; ಫ್ರೇಮಿಗೆ ಹಚ್ಚುವ ಪಾಲಿಷ್, ಬೆರಳಿನ ಜಿಡ್ಡು, ಎಲ್ಲವೂ ಅಲ್ಲಿಗೆ ಬಂದು ಸೇರುತ್ತವೆ. ಪ್ಯಾಡಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಡಿಸ್ಕಿನ ಮೇಲಿನ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಹೀಗಾಗಿ ಡಿಸ್ಕನ್ನು ಶುಚಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ಮೊದಲ ಇಳಿಜಾರಿನಲ್ಲೇ ಅದೂ ಕೆಡುತ್ತದೆ. ನೀವು ಎರಡು ಜೊತೆ ಪ್ಯಾಡುಗಳನ್ನು ಕಳೆದುಕೊಂಡದ್ದು ಹೀಗೆಯೇ ಇರಬೇಕೆಂದು ನನ್ನ ಊಹೆ.

ಪ್ಯಾಡುಗಳನ್ನು ಹೊರತೆಗೆದು, ಕ್ಯಾಲಿಪರ್ ಒಳಗೆ ಟಾರ್ಚ್ ಬಿಟ್ಟು ಪಿಸ್ಟನ್‌ಗಳ ಸುತ್ತ ನೋಡಿ. ಪ್ಯಾಡಿನ ಬೆನ್ನಿನ ತಗಡು ಒದ್ದೆಯಾಗಿದ್ದರೆ ಸೀಲಿನಿಂದ ಎಣ್ಣೆ ಜಿನುಗುತ್ತಿದೆ. ಆಗ ಯಾವ ಶುಚಿಯೂ ನಿಲ್ಲುವುದಿಲ್ಲ, ಕ್ಯಾಲಿಪರನ್ನೇ ಬದಲಿಸಬೇಕಾಗುತ್ತದೆ. ಒಣಗಿದ್ದರೆ, ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಪ್ರತಿ ಸಲ ಕಾಗದದ ಟವೆಲ್ಲಿನ ಹೊಸ ತುಂಡು ತೆಗೆದುಕೊಂಡು, ಅದರ ಮೇಲೆ ಕಪ್ಪು ಬರುವುದು ನಿಲ್ಲುವವರೆಗೂ ಮುಂದುವರಿಸಿ. ಚಕ್ರ ಅಥವಾ ಪ್ಯಾಡ್ ಹೊರಗಿರುವಾಗ ಅಪ್ಪಿತಪ್ಪಿಯೂ ಲಿವರ್ ಒತ್ತಬೇಡಿ, ಪಿಸ್ಟನ್‌ಗಳು ಹೊರಕ್ಕೆ ಬಂದು ಬೇರೊಂದು ಕೆಲಸ ಹಚ್ಚುತ್ತವೆ. ಆಗತಾನೆ ಇಳಿಜಾರು ಇಳಿದು ಬಂದಿದ್ದರೆ ಡಿಸ್ಕನ್ನು ಮುಟ್ಟಲೂ ಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ. ತಿರುಗುವ ಡಿಸ್ಕಿನ ಹತ್ತಿರಕ್ಕಂತೂ ಬೆರಳು ಒಯ್ಯಲೇಬಾರದು.

ಮತ್ತೊಂದು ಮಾತು: ಡಿಸ್ಕಿನ ಮೇಲೆ ಏನು ಮುದ್ರಿಸಿದೆ ಎಂದು ಓದಿ. ಕೆಲವು ಡಿಸ್ಕುಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದಿರುತ್ತದೆ. ಅವುಗಳ ಉಕ್ಕು ಮೆದು. ಮೆಟಲ್ ಪ್ಯಾಡ್ ಹಾಕಿದರೆ ಬೇಗ ಸವೆಯುತ್ತವೆ. ಕನಿಷ್ಠ ದಪ್ಪವೂ ಅಲ್ಲೇ ಇರುತ್ತದೆ. ಶಿಮಾನೊ ಡಿಸ್ಕ್ ಹೊಸದಾಗಿದ್ದಾಗ 1.8 ಮಿ.ಮೀ. ಇದ್ದು, 1.5ಕ್ಕೆ ಇಳಿದಾಗ ಬದಲಿಸಬೇಕು. ಅಳೆಯುವುದಾದರೆ ಮೈಕ್ರೋಮೀಟರ್ ಒಳ್ಳೆಯದು; ಡಿಸ್ಕಿನ ನಡುವಿನ ಪಟ್ಟಿ ಸವೆದು ಅಂಚು ಹಾಗೆಯೇ ಉಳಿದಿರುವುದರಿಂದ, ಉದ್ದ ದವಡೆಯ ಅಳತೆಪಟ್ಟಿಯಿಂದ ಹಿಡಿದರೆ ಅಂಚಿನ ದಪ್ಪವೇ ಸಿಗುತ್ತದೆ.

ಗಾಳಿಪಂಪು:

ಇಷ್ಟೆಲ್ಲ ಏಕೆ? ಎಣ್ಣೆ ಹಿಡಿದ ಪ್ಯಾಡುಗಳನ್ನು ಗ್ಯಾಸ್ ಉರಿಯ ಮೇಲೆ ಕಾಯಿಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಿದರೆ ಆಯಿತು. ನಾನು ಹೀಗೆ ಮಾಡಿ ಒಂದು ಜೊತೆ ಪ್ಯಾಡನ್ನು ಎಂಟು ತಿಂಗಳು ಓಡಿಸಿದ್ದೇನೆ.

ಮಸಿಬೆರಳು:

ಗಾಳಿಪಂಪು ಅವರೇ, ನಾನೂ ಹಿಂದೆ ಮಾಡಿದವನೇ. ಮೆಟಲ್ ಪ್ಯಾಡಿನಲ್ಲಿ ಕೆಲವೊಮ್ಮೆ ಫಲ ಸಿಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರೆಸಿನ್ ಪ್ಯಾಡಿನ ಅಂಟು ಉರಿಯಲ್ಲಿ ಸುಟ್ಟುಹೋದರೆ ಅದು ಬಿರುಕುಬಿಟ್ಟು ಪುಡಿಯಾಗುತ್ತದೆ, ಬೆನ್ನಿನ ತಗಡಿನಿಂದ ಕಳಚಿಕೊಳ್ಳಲೂಬಹುದು; ಕಾಯಿಸುವಾಗ ಬರುವ ಹೊಗೆಯೂ ಅಡುಗೆಮನೆಯಲ್ಲಿ ಇರಬೇಕಾದದ್ದಲ್ಲ. ಎಣ್ಣೆ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಸ್ಯಾಂಡ್ ಪೇಪರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಪ್ಯಾಡಿನ ಹೊಳಪು ಹೋಗುವಷ್ಟು ಉಜ್ಜುವುದು ಸರಿ. ದೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು. ಒಳಗೆ ಇಳಿದಿದ್ದರೆ, ಒಮ್ಮೆ ಬಿಸಿಯಾದೊಡನೆ ಮತ್ತೆ ಮೇಲಕ್ಕೆ ಬರುತ್ತದೆ. ಮುಂದಿನ ಬ್ರೇಕಿನಲ್ಲಿ ಅಂಥ ಪ್ಯಾಡನ್ನು ನಾನು ಈಗ ನಂಬುವುದಿಲ್ಲ.

ಕಡಿದಾದಹಾದಿ:

ಎಲ್ಲರಿಗೂ ಧನ್ಯವಾದ. ವಾರಾಂತ್ಯದಲ್ಲಿ ಒಂದೊಂದಾಗಿ ನೋಡಿದೆ.

ಹಿಂದಿನ ನಡುಕ ಎಣಿಸಲಾಗದಷ್ಟು ವೇಗವಾದದ್ದೇ. ಹಬ್ಬು ಅಲುಗಲಿಲ್ಲ, ಡಿಸ್ಕಿನ ಆರು ಬೋಲ್ಟುಗಳೂ ಸರಿಯಾಗಿದ್ದವು. ಆಮೇಲೆ ಹಳೇಹಬ್ ಅವರ ಪ್ರಶ್ನೆ ನೆನಪಾಗಿ ಬಗ್ಗಿ ನೋಡಿದರೆ ಕ್ಯಾಲಿಪರ್ ಮತ್ತು ಫ್ರೇಮಿನ ನಡುವೆ ಅಡಾಪ್ಟರ್ ಇದೆ! ಅದನ್ನು ಫ್ರೇಮಿನ ಕಿವಿಗಳಿಗೆ ಕಟ್ಟಿರುವ ಎರಡು ಬೋಲ್ಟುಗಳು ಆಕ್ಸಲಿಗೆ ಸಮಾನಾಂತರವಾಗಿ, ಅಡ್ಡಕ್ಕೆ ಇವೆ; ನಾನು ಇಷ್ಟು ದಿನ ಬಿಗಿ ಮಾಡುತ್ತಿದ್ದದ್ದು ಮೇಲಿನಿಂದ ಕಾಣುವ ಇನ್ನೆರಡನ್ನು ಮಾತ್ರ. ಅಡ್ಡ ಬೋಲ್ಟುಗಳಲ್ಲಿ ಕೆಳಗಿನದು ಅಲೆನ್ ಕೀ ತಾಗಿಸಿದೊಡನೆ ಕಾಲು ಸುತ್ತು ತಿರುಗಿತು. ಅಡಾಪ್ಟರಿನ ಅಂಚಿನಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿತ್ತು. ಎರಡು ತಿಂಗಳು ಅದು ಅಲ್ಲೇ ಉಜ್ಜಾಡಿದೆ.

ಮುಂದಿನದರ ವಿಷಯದಲ್ಲಿ ತಪ್ಪೊಪ್ಪಿಕೊಳ್ಳಬೇಕು. ಡಿಸ್ಕ್ ಒರೆಸಿದ ಬಟ್ಟೆ, ಚೈನ್ ಒರೆಸುವ ಬಟ್ಟೆಯೇ. ಒಗೆದು ಇಟ್ಟಿದ್ದರಿಂದ ಪರವಾಗಿಲ್ಲ ಎಂದುಕೊಂಡಿದ್ದೆ. ಪಿಸ್ಟನ್ ಸುತ್ತ ಒಣಗಿದೆ. ಡಿಸ್ಕಿನ ಮೇಲೆ ಮಸಿಬೆರಳು ಅವರು ಹೇಳಿದ ಬರಹವೂ ಇದೆ, ರೆಸಿನ್ ಮಾತ್ರ. ಆಲ್ಕೋಹಾಲಿನಿಂದ ಒರೆಸಲು ಒಂಬತ್ತು ತುಂಡು ಕಾಗದ ಹಿಡಿಯಿತು. ಹೊಸ ರೆಸಿನ್ ಪ್ಯಾಡ್ ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ಅಡಾಪ್ಟರ್ ಬೋಲ್ಟುಗಳು ಮತ್ತೆ ಸಡಿಲವಾಗದಂತೆ ಏನು ಮಾಡಬೇಕು?

ಹಳೇಹಬ್:

ಬೋಲ್ಟುಗಳನ್ನು ಪೂರ್ತಿ ಬಿಚ್ಚಿ, ಮರೆಯ ಜಿಡ್ಡನ್ನು ಒರೆಸಿ, ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್ ಲಾಕರ್ ಒಂದು ಹನಿ ಹಾಕಿ ಸರಿಯಾದ ಬಿಗಿಗೆ ಕೂರಿಸಿ. ಕೆಂಪಿನದು ಬೇಡ, ಅದನ್ನು ಬಿಚ್ಚಲು ಆಮೇಲೆ ಕಾಯಿಸಬೇಕಾಗುತ್ತದೆ. ಅಡಾಪ್ಟರ್ ಮುಟ್ಟಿದ ಮೇಲೆ ಕ್ಯಾಲಿಪರಿನ ನೇರ ತಪ್ಪಿರುತ್ತದೆ. ಅದರ ಎರಡು ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಕ್ಯಾಲಿಪರ್ ಅದರ ಜೊತೆಗೇ ತಿರುಗಿ ಓರೆಯಾಗುತ್ತದೆ. ಬಿಳಿ ಕಾಗದವನ್ನು ಹಿಂದೆ ಹಿಡಿದು ನೋಡಿದರೆ ಡಿಸ್ಕಿನ ಎರಡೂ ಬದಿಗೆ ಸಮನಾದ ಬೆಳಕಿನ ಗೆರೆ ಕಾಣಬೇಕು.

ಮುಂದಿನ ಹೊಸ ಪ್ಯಾಡನ್ನು ಪಳಗಿಸದೆ ಇಳಿಜಾರಿಗೆ ಹೋಗಬೇಡಿ. ಪ್ಯಾಡಿನ ವಸ್ತುವಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂತಾಗಲೇ ಹಿಡಿತ ಬರುವುದು. ಸಮತಟ್ಟಾದ, ವಾಹನಗಳಿಲ್ಲದ ಜಾಗದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗಕ್ಕೆ ಏರಿ, ಮುಂದಿನ ಬ್ರೇಕನ್ನು ಒಂದೇ ಹದದಲ್ಲಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲುವ ಮೊದಲೇ ಬಿಡಿ. ಇಪ್ಪತ್ತು ಸಲ ಹೀಗೆ ಮಾಡಿ, ನಂತರ ತುಸು ಹೆಚ್ಚಿನ ವೇಗದಿಂದ ಹತ್ತು ಸಲ. ಬಿಸಿ ಡಿಸ್ಕನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟರೆ ಆ ಜಾಗದಲ್ಲಿ ಪದರ ದಪ್ಪಗೆ ಮೆತ್ತಿಕೊಂಡು, ಮೊದಲು ಹೇಳಿದ ಸುತ್ತಿಗೊಂದು ಮಿಡಿತ ಶುರುವಾಗಬಹುದು.

ಕಡಿದಾದಹಾದಿ:

ಹೇಳಿದಂತೆ ಮಾಡಿ ನಿನ್ನೆ ಅದೇ ಇಳಿಜಾರಿನಲ್ಲಿ ಇಳಿದೆ. ಹಿಂದೆ ನಡುಕವಿಲ್ಲ. ಮುಂದಿನದು ಮೊದಲ ಆರೇಳು ಸಲ ಸಣ್ಣಗೆ ಗೊಣಗಿ, ಆಮೇಲೆ ಮೌನವಾಗಿ ಹಿಡಿಯಲಾರಂಭಿಸಿತು. ತೊರೆ ದಾಟಿದ ಮೇಲೆ ಮಾತ್ರ ಎರಡೂ ಕೆಲವು ಕ್ಷಣ ಊಳಿಟ್ಟವು. ಡಿಸ್ಕ್ ಒಣಗಿದೊಡನೆ ಅದೂ ನಿಂತಿತು. ಮೆಟಲ್ ಪ್ಯಾಡಿನಿಂದಾದ ಸವೆತ ಎಷ್ಟೆಂದು ಅಳೆದೆ, ಮುಂದಿನ ಡಿಸ್ಕ್ 1.65 ಮಿ.ಮೀ. ಉಳಿದಿದೆ. ಚೈನಿನ ಬಟ್ಟೆಯನ್ನು ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೇನೆ.